ಮೂರನೇ ಪೀರಿಯಡ್ಡಿನ ಮಗು

ಬೋರ್ಡಿನ ಮೇಲೆ ಪ್ರಶ್ನೆ ಬರೆದು ಟೀಚರ್ ತಿರುಗುವಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಗುರುಗುಟ್ಟಿತು. ಕೊನೆಯ ಬೆಂಚಿನಲ್ಲಿದ್ದ ಹೆಡ್‌ಮಾಸ್ಟರರು ಕನ್ನಡಕದ ಮೇಲಿಂದ ನೋಡಿದರು. ಇಂಗ್ಲಿಷ್ ಕಲಿಸಲೆಂದು ಕನ್ನಡನಾಡಿನಿಂದ ಈ ಪರದೇಶಕ್ಕೆ ಕರೆಸಿಕೊಂಡಿದ್ದ ಇವಳನ್ನು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಮುಂದಿನ ವರ್ಷವೂ ಇಟ್ಟುಕೊಳ್ಳುವುದೋ ಬೇಡವೋ ಎಂಬುದನ್ನು ಅವರು ಇವತ್ತಿನ ಪಾಠ ನೋಡಿ ತೀರ್ಮಾನಿಸುವವರಿದ್ದರು.

ಪಾಠವೋ ಹಳ್ಳ ಹಿಡಿದಿತ್ತು. ಬರೆಯಿರಿ ಎಂದರೆ ಮಕ್ಕಳು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಮಾತಾಡಿ ಎಂದರೆ ಬಾಯಿಗೆ ಬೀಗ. ತಪ್ಪಾದರೆ ಪಕ್ಕದವರು ನಕ್ಕಾರೆಂಬ ಭಯ. ವರ್ಷವಿಡೀ ಅವಳು ಹಾಡಿದ್ದಳು, ಕುಣಿದಿದ್ದಳು, ಕೋತಿಯ ಹಾಗೆ ನಟಿಸಿಯೂ ಆಗಿತ್ತು. ಗೋಡೆಗೆ ಪಾಠ ಮಾಡಿದ್ದರೆ ಅದಾದರೂ ಮಾರ್ದನಿ ಕೊಡುತ್ತಿತ್ತು.

ಫೋನು ಮತ್ತೆ ಅದುರಿತು. ಅಮ್ಮ. ತಂಗಿಯನ್ನು ಹೆರಿಗೆಗೆ ಸೇರಿಸಿದ್ದರು. ಹೋದ ಸಲದ ಕೂಸು ಉಳಿದಿರಲಿಲ್ಲ. ಆದದ್ದಾಗಲಿ ಎಂದು ಎತ್ತಿಯೇಬಿಟ್ಟಳು.

"ಹೇಳಮ್ಮಾ!"

"ಹೆಣ್ಣು ಕಣೇ! ಗುಂಡುಗುಂಡಗಿದೆ. ನಿನ್ನ ತಂಗೀನೂ ಚೆನ್ನಾಗಿದಾಳೆ, ಆಗಲೇ ಊಟ ಕೊಡಿ ಅಂತ ನರ್ಸ್ ಜೊತೆ ಜಗಳ."

"ಅಯ್ಯೋ ಅಮ್ಮಾ, ನಾನು ದೊಡ್ಡಮ್ಮ ಆದ್ನಾ!"

ನಿಂತಲ್ಲೇ ಒಮ್ಮೆ ಜಿಗಿದಳು, ಖಾಲಿ ತೋಳನ್ನು ಕೂಸು ತೂಗುವ ಹಾಗೆ ಆಡಿಸಿದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ತರಗತಿ ಕಕ್ಕಾಬಿಕ್ಕಿಯಾಯಿತು. ಕನ್ನಡ ಅವರಿಗೆ ಒಂದಕ್ಷರವೂ ಗೊತ್ತಿಲ್ಲ; ಅವಳ ಬಾಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತನ್ನು ಅವರು ಕೇಳಿದ್ದೇ ಇಲ್ಲ.

ಕಿಟಕಿಯ ಪಕ್ಕ ಕೂರುವ, ಹಾಜರಿ ಕೂಗಿದರೂ ಬರೀ ಕೈಯೆತ್ತುವ ಹುಡುಗಿಯೊಬ್ಬಳಿದ್ದಳು. ಟೀಚರ್ ಮನಸ್ಸಿನಲ್ಲೇ ಅವಳಿಗೆ 'ಮೌನಿ' ಎಂದು ಹೆಸರಿಟ್ಟಿದ್ದಳು. ಆ ಮೌನಿ ಎದ್ದು ನಿಂತಳು.

"ಟೀಚರ್... ಬೇಬಿ?"

ಟೀಚರ್ ಫೋನು ಕಿವಿಯಲ್ಲಿಟ್ಟುಕೊಂಡೇ ಜೋರಾಗಿ ತಲೆಯಾಡಿಸಿದಳು.

"ಬಾಯ್? ಗರ್ಲ್?" ಹಿಂದಿನಿಂದ ಒಂದು ದನಿ. "ಮದರ್ ಓಕೆ?" ಇನ್ನೊಂದು. "ಬೇಬಿ ನೇಮ್ ವಾಟ್?" ಇದು ತಪ್ಪು. ಆದರೆ ಯಾರೂ ನಗಲಿಲ್ಲ, ಎಲ್ಲರಿಗೂ ಉತ್ತರ ಬೇಕಾಗಿತ್ತು. ಬೆಂಚುಗಳು ಕಿರುಗುಟ್ಟಿದವು, ಪ್ರಶ್ನೆಗಳು ಒಂದರ ಮೇಲೊಂದು ಬಿದ್ದವು.

"ಅದೇನೇ ಗದ್ದಲ? ಸಂತೇಲಿದೀಯಾ?" ಎಂದಳು ಅಮ್ಮ.

"ಮಾತಾಡ್ತಿದಾರಮ್ಮಾ! ನನ್ನ ಮಕ್ಕಳು ಮಾತಾಡ್ತಿದಾರೆ!"

"ನಿನಗೆಲ್ಲಿಂದ ಬಂದ್ರೇ ಮಕ್ಕಳು? ನಂಗೊಂದು ಮಾತೂ ಹೇಳ್ಲಿಲ್ಲ!"

ಹೆಡ್‌ಮಾಸ್ಟರರು ಎದ್ದರು. ಗದ್ದಲ ತಟ್ಟನೆ ನಿಂತಿತು. ಟೀಚರ್ ಫೋನನ್ನು ಕಿವಿಯಿಂದ ಕೆಳಗಿಳಿಸಿದಳು. ಇಷ್ಟು ದಿನ ಅವಳಿಗೆ ಏನು ಹೇಳುವುದಿದ್ದರೂ ಗುಮಾಸ್ತರ ಮೂಲಕ ಹೇಳಿಸುತ್ತಿದ್ದವರು ಗಂಟಲು ಸರಿಮಾಡಿಕೊಂಡರು. ಕಿವಿ ಕೆಂಪಾಗಿತ್ತು.

"ಬೇಬಿ... ಬಿಗ್?"

ಮಕ್ಕಳು ಗೊಳ್ಳೆಂದರು. ಅವರೂ ನಕ್ಕುಬಿಟ್ಟರು. ಆಮೇಲೆ ಒಂದೊಂದೇ ಪದ ಹುಡುಕಿ ಹೇಳಿದರು: "ನೆಕ್ಸ್ಟ್ ಇಯರ್... ಬೇಬಿ ವಾಕ್. ಯು... ಹಿಯರ್. ಟೆಲ್ ಅಸ್."

ಟೀಚರ್ ಫೋನನ್ನು ಮತ್ತೆ ಕಿವಿಗೆ ತಂದಳು. "ಅಮ್ಮಾ, ಫೋನು ಮಗು ಹತ್ರ ಹಿಡಿ" ಎಂದವಳೇ ಸ್ಪೀಕರ್ ಒತ್ತಿ ಕೈ ಮೇಲೆತ್ತಿದಳು.

ಬಟ್ಟೆ ಸರಿದ ಸದ್ದಾಯಿತು. ಬಳಿಕ ಏನೂ ಇಲ್ಲ. ಮೌನಿ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿದಳು. ಹೆಡ್‌ಮಾಸ್ಟರರು ಕಿವಿಗೆ ಕೈ ಆನಿಸಿ ಮುಂದಕ್ಕೆ ಬಾಗಿದರು. ಎಲ್ಲೋ ದೂರದಿಂದ, ಎಳೆಯ ದನಿಯೊಂದು ಮೆಲ್ಲಗೆ ಅಳತೊಡಗಿತು.