ಕೊನೆಯ ಅರ್ಧ ಸುತ್ತು

ದಡಕ್ಕೆ ಎಳೆದಿಟ್ಟ ಬೋಟಿನ ಹಿಂಬದಿಯ ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಬಿಚ್ಚಿ, ಗಾಳಿಯಾಡಲೆಂದು ಮೇಲಿನದನ್ನೂ ತೆಗೆದು, ಅವಳು ತಟ್ಟೆಯನ್ನು ಒಂದಿಷ್ಟು ಮುಂದೆ ಸರಿಸಿದಳು. ಹೊಳೆಯುತ್ತ ಇಳಿಯಬೇಕಾಗಿದ್ದ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಇಳಿಯಿತು. ಒಳಗೆ ನೀರು ಹೊಕ್ಕಿತ್ತು.

"ನೋಡಿದ್ಯಾ?" ಬೆನ್ನ ಹಿಂದೆ ನಿಂತಿದ್ದ ಭಾವ ಅಂದರು. "ಹೆಂಗಸರ ಕೈಯಲ್ಲಿ ಬಿಗಿ ಇರಲ್ಲ ಅಂತ ಬಡ್ಕೊಂಡೆ. ಮುಂದಿನ ತಿಂಗಳಿಂದ ಟಿಕೆಟ್ ಕಿಟಕೀಲಿ ಕೂತ್ಕೊಳಮ್ಮ. ಫ್ಯಾನಿದೆ, ಕುರ್ಚಿ ಇದೆ."

ಅವಳು ಸ್ಕ್ರೂವಿನಿಂದ ವಾಷರ್ ಬಿಡಿಸಿ ಬೆರಳ ತುದಿಯಲ್ಲಿ ಹಿಡಿದಳು. ಅಂಚು ಕಾಗದದಷ್ಟು ತೆಳ್ಳಗಾಗಿ ಒಂದು ಕಡೆ ಸೀಳಿತ್ತು.

"ಇದು ಸಡಿಲಾಗಿ ಸೋರಿದ್ದಲ್ಲ ಭಾವ. ಅತಿಯಾಗಿ ಬಿಗಿದು ಒಡೆದದ್ದು."

"ವಾಷರ್‌ಗೂ ಬಾಯಿ ಬಂತಾ ಈಗ?"

ಹಗ್ಗ ಸುತ್ತುತ್ತಿದ್ದ ಅವಳ ಗಂಡ, ಬೋಟ್ ಓಡಿಸುವವನು, ಅಣ್ಣನ ಜೊತೆ ತಾನೂ ನಕ್ಕ. ಅವಳ ಮೈಯೆಲ್ಲ ಉರಿಯಿತು.

ಈ ಕೆಲಸ ಕಲಿಸಿದ್ದು ತೀರಿಹೋದ ಮಾವ. "ವಾಷರ್ ಕಚ್ಚಿದ್ದು ಬೆರಳಿಗೆ ಗೊತ್ತಾಗತ್ತೆ ಮಗಳೇ, ಅಲ್ಲಿಗೆ ನಿಲ್ಲಿಸು" ಅನ್ನುತ್ತಿದ್ದರು. ಅವಳು ನಿಲ್ಲಿಸುತ್ತಿದ್ದಳು. ಭಾವ ನಿಲ್ಲಿಸುತ್ತಿರಲಿಲ್ಲ. ಆರು ವರ್ಷದಿಂದ ಪ್ರತಿ ಸಲವೂ ಅವಳ ಕೆಲಸ ಮುಗಿದ ಮೇಲೆ ದೊಡ್ಡ ಸ್ಕ್ರೂಡ್ರೈವರ್ ತಂದು, "ನನ್ನ ಸಮಾಧಾನಕ್ಕೆ" ಎಂದು ಅರ್ಧ ಸುತ್ತು ಹೆಚ್ಚಿಗೆ ಬಿಗಿಯುತ್ತಿದ್ದರು. "ಹಿರಿಯವನು, ಮುಖ ಮುರೀಬೇಡಮ್ಮ" ಎಂದಿದ್ದರು ಅತ್ತೆ. ಅವಳು ಮುರಿಯಲಿಲ್ಲ. ಭಾವ ಊಟಕ್ಕೆ ಹೋದೊಡನೆ ಕಳ್ಳಿಯ ಹಾಗೆ ಬಗ್ಗಿ ಹೊಸ ವಾಷರ್ ಹಾಕಿಡುತ್ತಿದ್ದಳು. ಕಳೆದ ಸಲ ಜ್ವರ ಬಂದು ಬೇಗ ಮನೆಗೆ ಹೋಗಿದ್ದಳು. ಆ ಅರ್ಧ ಸುತ್ತು ಹಾಗೇ ಉಳಿಯಿತು.

ಆರು ವರ್ಷ ಅವರ ಮಾನ ಕಾಪಾಡಿದವಳು ತಾನು. ಈಗ ಕೈಯಲ್ಲಿ ಬಿಗಿ ಇಲ್ಲದವಳೂ ತಾನೇ!

ಪೆಟ್ಟಿಗೆಗೆ ಗಾಳಿ ಒತ್ತಿ ನೋಡಿದಳು. ಮೀಟರಿನ ಮುಳ್ಳು ಕದಲಲಿಲ್ಲ, ಬೇರೆಲ್ಲೂ ಸೋರಿಕೆಯಿಲ್ಲ. ಕೆಳಗಿನಿಂದ ಹೊಸ ಆಯಿಲ್ ಪಂಪ್ ಮಾಡಿದಳು. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕಿದಾಗ ಮೊದಲು ಅದನ್ನು ಮುಚ್ಚಿ, ಆಮೇಲೆ ಹೊಸ ವಾಷರ್ ಜೊತೆ ಕೆಳಗಿನ ಸ್ಕ್ರೂ ಹಾಕಿ, ಬೆರಳು ಸಾಕು ಎಂದಲ್ಲಿಗೆ ನಿಲ್ಲಿಸಿದಳು.

ಭಾವ ಬಂದರು. ಅರ್ಧ ಸುತ್ತು. "ಬಿಗಿ ಅಂದ್ರೆ ಇದು!" ಎಂದು ತಮ್ಮನನ್ನು ಕರೆದುಕೊಂಡು ಊಟಕ್ಕೆ ನಡೆದರು.

ಹಾಗೇ ಬಿಟ್ಟುಬಿಡಲೇ ಅನ್ನಿಸಿತು. ಗೇರ್ ತುಕ್ಕು ಹಿಡಿದು ಬೋಟು ನಡುನೀರಲ್ಲಿ ನಿಂತಾಗ ತಿಳಿಯಲಿ. ಆದರೆ ಆಗ ಒಳಗೆ ಕೂತಿರುವವರು ಏನು ತಪ್ಪು ಮಾಡಿದ್ದಾರೆ? ಸ್ಕ್ರೂ ಬಿಚ್ಚಿದಳು. ಮೇಲಿನದು ಮುಚ್ಚಿದ್ದರಿಂದ ನಾಲ್ಕೇ ಹನಿ ಬಿತ್ತು. ಹೊಸ ವಾಷರ್ ಹಾಕಿದಳು.

ಆಚೆ ದಡದ ವರ್ಕ್‌ಶಾಪಿನ ಒಡತಿ ಎರಡು ಸಲ ಕೇಳಿದ್ದಳು: "ನಿನ್ನಂಥ ಕೈ ನನಗೆ ಬೇಕು ಕಣೆ, ಬರ್ತೀಯಾ?" ಎರಡು ಸಲವೂ "ಮನೆ ಬೋಟಿದೆಯಲ್ಲ ಅಕ್ಕ" ಎಂದಿದ್ದಳು. ಮೂರನೇ ಸಲ ಕೇಳಲೆಂದು ಕಾಯುವುದು ಬೇಡ. ನಾಳೆ ಬೆಳಗಿನ ಮೊದಲ ಬೋಟಿನಲ್ಲೇ ಟಿಕೆಟ್ ತಗೊಂಡು ದಾಟುವುದು.

ಇಷ್ಟು ವರ್ಷ ಕೈಚೀಲದಲ್ಲಿ ಬಚ್ಚಿಟ್ಟಿದ್ದ ವಾಷರ್ ಡಬ್ಬಿಯನ್ನು ತೆಗೆದು, ಭಾವನ ದೊಡ್ಡ ಸ್ಕ್ರೂಡ್ರೈವರ್ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಳು.

"ಯಾಕೆ ಇಷ್ಟು ತಡ?" ಊಟಕ್ಕೆ ಹೋದಾಗ ಗಂಡ ಕೇಳಿದ.

"ಕೈ ತೊಳೀತಿದ್ದೆ" ಎಂದಳು.