ಹದಿನೈದು ಪ್ರಶ್ನೆಗಳ ಗಿಣಿಪಾಠ

ಬೆಳಗ್ಗೆಯಿಂದ ಒಂದೇ ಕುರ್ಚಿಯಲ್ಲಿ ಕೂತು ನರ್ಸಮ್ಮನ ಸೊಂಟ ಹಿಡಿದುಕೊಂಡಿತ್ತು. ಅದೇ ಪ್ರಶ್ನೆಗಳನ್ನು ಕೇಳಿ ಕೇಳಿ ನಾಲಿಗೆ ಸವೆದಿತ್ತು. ಅರವತ್ತೈದು ದಾಟಿದವರು ಮಂಡಿನೋವಿಗೇ ಬರಲಿ, ಸಕ್ಕರೆ ಕಾಯಿಲೆಗೇ ಬರಲಿ, ಡಾಕ್ಟರ ಕೋಣೆಗೆ ಬಿಡುವ ಮುನ್ನ ಹದಿನೈದು ಪ್ರಶ್ನೆ ಕೇಳಿ ಹೌದು, ಇಲ್ಲ ಎಂದು ಗುರುತು ಹಾಕುವುದು ಅವಳ ಕೆಲಸ. ಮನಸ್ಸು ಕುಗ್ಗಿದೆಯೇ ಎಂದು ತಿಳಿಯುವ ಹಾಳೆ ಅದು. ಐದಕ್ಕಿಂತ ಹೆಚ್ಚು ಅಂಕ ಬಂದರೆ ಡಾಕ್ಟರು ಕೂರಿಸಿಕೊಂಡು ಮಾತಾಡಬೇಕು.

ಎರಡು ವಾರದಿಂದ ಯಾರಿಗೂ ಎರಡರ ಮೇಲೆ ಬಂದಿರಲಿಲ್ಲ.

"ನೋಡಿದ್ರಾ ಸಿಸ್ಟರ್, ನಮ್ಮ ಹಿರಿಯರೆಲ್ಲ ಎಷ್ಟು ಚೆನ್ನಾಗಿದ್ದಾರೆ!" ಎಂದು ಡಾಕ್ಟರು ಹಿಗ್ಗಿದರು. ನರ್ಸಮ್ಮ ಹೂಂಗುಟ್ಟಿದಳು. ಹೊರಗಿನ ಬೆಂಚುಗಳಲ್ಲಿ ಗೋಡೆ ನೋಡುತ್ತ ಕೂತವರ ಮುಖಕ್ಕೂ ಈ ಅಂಕಗಳಿಗೂ ತಾಳೆಯಾಗುತ್ತಿರಲಿಲ್ಲ. ಆದರೆ ಕೆದಕಿ ನೋಡಲು ಅವಳಲ್ಲಿ ತ್ರಾಣವಿರಲಿಲ್ಲ.

ಗುಟ್ಟು ರಟ್ಟಾದದ್ದು ಒಬ್ಬ ಮುದಿ ಲಾರಿ ಡ್ರೈವರಿನಿಂದ. ದಣಿವಿಗೆ ಕಣ್ಣು ಮಂಜಾಗಿ, ಎರಡನೆಯ ಪ್ರಶ್ನೆಯ ಬದಲು ಅವಳು ಐದನೆಯದನ್ನು ಓದಿಬಿಟ್ಟಳು.

"ಹೆಚ್ಚು ಹೊತ್ತು ಗೆಲುವಾಗೇ ಇರ್ತೀರಾ ಅಜ್ಜಾ?"

"ಇಲ್ಲ!" ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಪಕ್ಕದಲ್ಲಿದ್ದ ಮಗ ಗಾಬರಿಯಾದ. ಅಜ್ಜ ಬೆರಳು ಮಡಿಚಿ ಎಣಿಸಿ, "ತಡೀರಿ, ಎರಡನೇದಕ್ಕೆ ಇಲ್ಲ ತಾನೇ? ಟೀಚರಮ್ಮ ಹಾಗೇ ಹೇಳ್ಕೊಟ್ಟಿದ್ದು!" ಎಂದ.

ಟೀಚರಮ್ಮ ಯಾರೆಂದು ಹುಡುಕಬೇಕಿರಲಿಲ್ಲ. ಬಿಪಿ ಮಾತ್ರೆಗೆಂದು ತಿಂಗಳಿಗೊಮ್ಮೆ ಬರಬೇಕಾದ ಆ ನಿವೃತ್ತ ಲೆಕ್ಕದ ಮೇಡಂ ಈಚೆಗೆ ದಿನವೂ ಬಂದು ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದರು. ಪಾಪ, ಹೊತ್ತು ಹೋಗದೆ ಬರುತ್ತಾರೆ ಎಂದುಕೊಂಡಿದ್ದಳು ನರ್ಸಮ್ಮ. ಬಾಗಿಲ ಸಂದಿಯಲ್ಲಿ ನಿಂತು ಕಿವಿಗೊಟ್ಟರೆ, ತಗ್ಗಿದ ದನಿಯಲ್ಲಿ ಪಾಠ ನಡೆದಿತ್ತು.

"ಒಂದಕ್ಕೆ ಹೌದು. ಎರಡು, ಮೂರು, ನಾಲ್ಕಕ್ಕೆ ಇಲ್ಲ. ಐದಕ್ಕೆ ಹೌದು. ಎಲ್ಲಿ, ಒಂದ್ಸಲ ಒಪ್ಪಿಸಿ ನೋಡೋಣ."

ಮೂವರು ಮುದುಕರು ಗಿಣಿಗಳಂತೆ ಒಪ್ಪಿಸಿದರು.

ಮಧ್ಯಾಹ್ನ ಜನ ಕರಗಿದ ಮೇಲೆ ನರ್ಸಮ್ಮ ಹೋಗಿ ಅವರ ಪಕ್ಕ ಧೊಪ್ಪೆಂದು ಕೂತಳು. ಬಯ್ಯಬೇಕೆಂದೇ ಹೋಗಿದ್ದಳು, ಬಯ್ಯುವುದಕ್ಕೂ ಶಕ್ತಿ ಬೇಕಲ್ಲ.

"ಏನ್ ಟೀಚರಮ್ಮ, ಆಸ್ಪತ್ರೇಲೂ ಕಾಪಿ ಹೊಡೆಸ್ತೀರಾ?"

ಟೀಚರಮ್ಮ ನಗಲಿಲ್ಲ. "ಇಡೀ ಸರ್ವೀಸಲ್ಲಿ ಒಬ್ಬರಿಗೂ ಕಾಪಿ ಮಾಡೋಕೆ ಬಿಟ್ಟವಳಲ್ಲ ನಾನು. ಆರು ತಿಂಗಳ ಹಿಂದೆ ನೀವೇ ನನ್ನ ಕೇಳಿದ್ರಿ, ನೆನಪಿದೆಯಾ? ಮಗಳು ಪಕ್ಕದಲ್ಲೇ ಕೂತಿದ್ಲು. ನಿಜ ಹೇಳ್ದೆ. ಹನ್ನೊಂದು ಬಂತು."

ನರ್ಸಮ್ಮನಿಗೆ ನೆನಪಿರಲಿಲ್ಲ. ಹಾಗೆಂದು ಹೇಳಲು ನಾಚಿಕೆಯಾಯಿತು.

"ಡಾಕ್ಟರು ನನ್ನ ಬಿಟ್ಟು ಮಗಳ ಹತ್ರ ಮಾತಾಡಿದ್ರು. ಅವತ್ತು ಸಂಜೇನೇ ಬಚ್ಚಲ ಬಾಗಿಲಿನ ಚಿಲಕ ಕೀಳಿಸಿದ್ಲು. ತರಕಾರಿ ಹೆಚ್ಚೋ ಚಾಕು ಬೀರು ಸೇರ್ತು. ಸ್ನಾನ ಮಾಡ್ತಿದ್ರೆ ಎರಡು ನಿಮಿಷಕ್ಕೊಂದ್ಸಲ 'ಅಮ್ಮಾ, ಇದ್ದೀಯಾ?' ಅಂತಾಳೆ. ಅವಳದೇನೂ ತಪ್ಪಿಲ್ಲ, ಹೆತ್ತಮ್ಮ ಅಲ್ವಾ ನಾನು, ಹೆದರಿದಾಳೆ. ಆದ್ರೆ ನಲವತ್ತು ಮಕ್ಕಳ ಹಾಜರಿ ಕೂಗಿದವಳು ಈಗ ಬಚ್ಚಲಲ್ಲಿ ಕೂತು ಹಾಜರಿ ಹೇಳ್ಬೇಕು. ಈ ಗತಿ ಇನ್ನೊಬ್ಬರಿಗೆ ಬೇಡ ಅಂತ..."

"ಮನಸ್ಸಿಗೆ ಅಂತ ಡಾಕ್ಟರು ಕೊಟ್ಟ ಮಾತ್ರೆ?"

"ಸಿಟ್ಟಿಗೆ ಒಂದೂ ನುಂಗಲಿಲ್ಲ."

"ಹಾಗಾದ್ರೆ ಆ ಹನ್ನೊಂದು?"

"ಅದೆಲ್ಲಿಗೆ ಹೋಗುತ್ತೆ? ಇದ್ದಲ್ಲೇ ಇದೆ. ಬೆಳಗಾದ್ರೆ ಯಾಕೆ ಏಳ್ಬೇಕು ಅನ್ನಿಸುತ್ತೆ. ಇಲ್ಲಿ ಪಾಠ ಇದೆಯಲ್ಲ ಅಂತ ಏಳ್ತೀನಿ."

ನರ್ಸಮ್ಮ ಅವರನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದಳು. ಈ ಸಲ ಒಂದೊಂದು ಪ್ರಶ್ನೆ ಕೇಳಿ ಪೆನ್ನು ಕೆಳಗಿಟ್ಟು ಕಾದಳು. ಮುಕ್ಕಾಲು ಗಂಟೆ ಹಿಡಿಯಿತು. ಹದಿಮೂರು ಬಂತು. ಕೊನೆಗೆ ಹಾಳೆಯಲ್ಲಿಲ್ಲದ ಮಾತನ್ನೂ ನೇರವಾಗಿ ಕೇಳಿದಳು. "ಏನಾದ್ರೂ ಮಾಡ್ಕೊಳ್ಳೋಣ ಅನ್ನಿಸುತ್ತಾ?"

"ಅಷ್ಟಿಲ್ಲ. ಎದ್ದೇಳದೇ ಇದ್ರೆ ಸಾಕಪ್ಪಾ ಅನ್ನಿಸುತ್ತೆ," ಎಂದು ಟೀಚರಮ್ಮ ಮೇಜಿನ ಅಂಚು ಸವರಿದರು.

"ಇದನ್ನ ಡಾಕ್ಟರಿಂದ ಮುಚ್ಚಿಡೋಕಾಗಲ್ಲ. ಮಗಳಿಗೆ ಏನು, ಹೇಗೆ ಹೇಳ್ಬೇಕು ಅನ್ನೋದನ್ನ ಮಾತ್ರ ನಿಮ್ಮನ್ನ ಕೂರಿಸ್ಕೊಂಡೇ ತೀರ್ಮಾನ ಮಾಡೋಣ."

ನಡೆದದ್ದನ್ನು ಹೇಳಿ, ಎಲ್ಲರನ್ನೂ ಮತ್ತೆ ಕೇಳಬೇಕು ಎಂದಾಗ ಡಾಕ್ಟರು ಮೊದಲು ಮುಖ ಸಿಂಡರಿಸಿದರು. "ಒಬ್ಬೊಬ್ಬರನ್ನೇ ಕೂರಿಸಿ ಕೇಳೋಕೆ ಟೈಮೆಲ್ಲಿದೆ ಸಿಸ್ಟರ್?"

"ಎರಡು ವಾರ ಸುಳ್ಳು ಬರ್ಕೊಳ್ಳೋಕೆ ಟೈಮಿತ್ತಲ್ಲ ಸಾರ್."

ಅವರು ಬಹಳ ಹೊತ್ತು ಹಾಳೆಗಳನ್ನು ಮಗುಚಿ ನೋಡಿದರು. ಆಮೇಲೆ ಟೀಚರಮ್ಮನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತರು.

ಮಗಳು ಮರುದಿನ ಬಂದಳು. ಟೀಚರಮ್ಮನೇ ಮಾತಾಡಿದರು. "ಚಾಕು ಬೀರುವಿನಲ್ಲೇ ಇರ್ಲಿ, ಮಾತ್ರೆ ನೀನೇ ಕೊಡು. ಆದ್ರೆ ಬಾಗಿಲ ಹೊರಗೆ ನಿಂತು ಕೂಗ್ಬೇಡ ಮಗಳೇ. ಬಂದು ಪಕ್ಕದಲ್ಲಿ ಕೂತ್ಕೋ." ಮಗಳು ಅತ್ತಳು, ಬೇಡವೆನ್ನಲಿಲ್ಲ.

ಸೋಮವಾರದಿಂದ ಜೊತೆಗೆ ಬಂದವರೆಲ್ಲ ಹೊರಗೇ ಕೂರಬೇಕೆಂದಾಯಿತು. ಮಗನಿಲ್ಲದ ಕೋಣೆಯಲ್ಲಿ ಲಾರಿ ಡ್ರೈವರಜ್ಜ ಮೂರನೆಯ ಪ್ರಶ್ನೆಗೇ ಟವಲಿನಿಂದ ಮುಖ ಮುಚ್ಚಿಕೊಂಡ. ನರ್ಸಮ್ಮನ ಕೆಲಸ ದುಪ್ಪಟ್ಟಾಯಿತು.

ಆರು ವಾರದ ಮೇಲೆ ಟೀಚರಮ್ಮನ ಅಂಕ ಎಂಟಕ್ಕಿಳಿಯಿತು. ಗೆದ್ದೆವು ಎನ್ನುವಂಥದ್ದೇನಲ್ಲ. ಆದರೂ ಎಷ್ಟೋ ತಿಂಗಳ ಮೇಲೆ ಕಳೆದ ಗುರುವಾರ ಹಸಿವಾಗಿತ್ತು ಎಂದು ಅವರು ಅಚ್ಚರಿಪಟ್ಟು ಹೇಳಿದರು. ನರ್ಸಮ್ಮ ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡು, ಸೊಂಟ ಹಿಡಿದು ಎದ್ದು, ಮುಂದಿನವರನ್ನು ಕರೆದಳು.