ನನ್ನ ಮೇಲೆ ಸತ್ತವರೆಲ್ಲ ಎದ್ದು ಕೂರುತ್ತಿದ್ದರು

ನಾನು ಒಂದು ಸ್ಟ್ರೆಚರ್. ಎರಡು ಮರದ ಗಳ, ನಡುವೆ ಹಸಿರು ಕ್ಯಾನ್ವಾಸ್, ಹಿಡಿಯಲು ನಾಲ್ಕು ತುದಿ. ನನ್ನ ಮೈಯೆಂದರೆ ಇಷ್ಟೇ. ಡೇರೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ನನ್ನ ಅಂಚು ಹೊಲಿದ ಹೆಂಗಸು ದಾರ ಕಚ್ಚಿ ತುಂಡರಿಸುತ್ತ, ಇದು ಯಾರಿಗೂ ಬೇಕಾಗದೆ ಇರಲಪ್ಪ ಎಂದಳು. ನನಗೆ ಬೇಜಾರಾಯಿತು. ಹುಟ್ಟಿದ ಕೂಡಲೇ ಅಂಥ ಮಾತು ಯಾರಿಗೆ ಹಿಡಿಸುತ್ತದೆ?

ಮೊದಲ ಮೂರು ವರ್ಷ ಒಂದು ಆಸ್ಪತ್ರೆಯ ಉಗ್ರಾಣದಲ್ಲಿ ಮಡಚಿ ಬಿದ್ದಿದ್ದೆ. ಆಮೇಲೆ ಲಾರಿ ಹತ್ತಿಸಿ ಸೇನೆಯ ಕೆಡೆಟ್‌ಗಳ ತರಬೇತಿ ಶಾಲೆಗೆ ಕಳಿಸಿದರು. ಅಲ್ಲಿ ಉಸ್ತಾದ್ ಘೋರ್ಪಡೆಯವರ ಕೈಗೆ ಬಿದ್ದೆ. ಓಟ, ಹಗ್ಗ ಹತ್ತುವುದು, ಪುಷ್-ಅಪ್ ಎಲ್ಲದರಲ್ಲೂ ಅವರದೇ ದರ್ಬಾರು. ಯಾರಾದರೂ ಏದುಸಿರು ಬಿಟ್ಟರೆ, "ಸಾಯೂದಿದ್ರ ಸಾಯಿ, ಲೈನ್ ಬಿಟ್ಟು ಸಾಯಬ್ಯಾಡ" ಎನ್ನುತ್ತಿದ್ದರು.

ಹುಡುಗರು ಆ ಮಾತಿಗೆ ತಮ್ಮದೇ ಒಗ್ಗರಣೆ ಹಾಕಿದ್ದರು. ಸುಸ್ತಾಗಿ ಕುಸಿದವನು ಅವರ ಪಾಲಿಗೆ ಹುತಾತ್ಮ. ನಾಲ್ವರು ಅವನನ್ನು ನನ್ನ ಮೇಲೆ ಹೊತ್ತು ಹತ್ತಿರದ ಮರದಡಿ ಇಳಿಸುತ್ತಿದ್ದರು. ಕೊಡಗಿನ ಚೇಂಗಪ್ಪ ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು ಶ್ರದ್ಧಾಂಜಲಿ ಶುರು ಮಾಡುತ್ತಿದ್ದ. ಮೃತರು ಪುಷ್-ಅಪ್ ಎಂಬ ಶತ್ರುವಿನೊಡನೆ ಕಾದಾಡಿ ಮಡಿದರು, ನಾಳೆ ಅವರ ಪಾಲಿನ ಎರಡು ಮೊಟ್ಟೆಗಳನ್ನು ನಾನೇ ಭಾರವಾದ ಮನಸ್ಸಿನಿಂದ ತಿನ್ನುತ್ತೇನೆ, ಎಂದು ಅವನ ಮಾತು ಸಾಗುತ್ತಿತ್ತು. ಕೊನೆಗೆ ಬೇಕೆಂದೇ ಒಂದು ಸುಳ್ಳು. ಮೂವತ್ತು ಪುಷ್-ಅಪ್ ಹೊಡೆದವನಿಗೆ ಇಪ್ಪತ್ತು ಎನ್ನುವುದು. ಆ ಅವಮಾನವನ್ನು ಯಾವ ಹೆಣವೂ ತಡೆದುಕೊಳ್ಳುತ್ತಿರಲಿಲ್ಲ. ತಟ್ಟನೆ ಎದ್ದು ಕೂತು ಮೂವತ್ತು ಎಂದು ತಿದ್ದುತ್ತಿತ್ತು. ಎಲ್ಲರೂ ಬಿದ್ದುಬಿದ್ದು ನಗುತ್ತಿದ್ದರು, ನಾನೂ ಒಳಗೊಳಗೇ ನಗುತ್ತಿದ್ದೆ.

ಸಾಯುವುದರಲ್ಲಿ ಎತ್ತಿದ ಕೈ ಎಂದರೆ ಶಿರಹಟ್ಟಿ ಕಡೆಯ ಫಕೀರೇಶ. ಕಚಗುಳಿ ಇಟ್ಟರೂ ಮಿಸುಕುತ್ತಿರಲಿಲ್ಲ. ಆದರೆ ಅವನ ಹೊಟ್ಟೆ ನಗು ತಡೆಯಲಾರದೆ ಕುಣಿಯುವುದು ನನಗೊಬ್ಬನಿಗೆ ಗೊತ್ತಾಗುತ್ತಿತ್ತು. ಅವನ ಬೆವರಿಗೆ ನನ್ನ ಬಟ್ಟೆ ತೊಯ್ದು ತೊಪ್ಪೆಯಾಗುತ್ತಿತ್ತು.

ಏಪ್ರಿಲ್‌ನ ಒಂದು ಬೆಳಿಗ್ಗೆ ಹನ್ನೆರಡು ಕಿಲೋಮೀಟರ್ ಓಟ. ಹುಡುಗರು ಸರದಿಯಲ್ಲಿ ನನ್ನನ್ನೂ ಹೊತ್ತು ಓಡುತ್ತಿದ್ದರು. ಒಂಬತ್ತನೆಯ ಕಿಲೋಮೀಟರ್ ಕಲ್ಲಿನ ಹತ್ತಿರ ಫಕೀರೇಶ ಬಿದ್ದ. ಉಸ್ತಾದರು ಹಿಂದುಳಿದವರನ್ನು ಅಟ್ಟಿಕೊಂಡು ಬರಲು ಹೋಗಿದ್ದರು. ನಾಲ್ವರು ಎಂದಿನಂತೆ ಅವನನ್ನು ನನ್ನ ಮೇಲೆ ಹಾಕಿಕೊಂಡು ನೀರಿನ ಟ್ಯಾಂಕಿನ ಪಕ್ಕದ ಬೇವಿನಡಿ ತಂದರು. ಅವನ ಬೆನ್ನು ತಾಕಿದ್ದೇ ನಾನು ಬೆಚ್ಚಿಬಿದ್ದೆ. ಕಾದ ಹಂಚಿನಂತಿತ್ತು. ಒಂದು ಹನಿ ಬೆವರಿಲ್ಲ. ಹೊಟ್ಟೆ ಕುಣಿಯುತ್ತಿಲ್ಲ. ಇವನು ಆಟ ಆಡುತ್ತಿಲ್ಲ ಎಂದು ಕೂಗಲು ನನಗೆ ಬಾಯೆಲ್ಲಿದೆ?

ಚೇಂಗಪ್ಪ ಟೋಪಿ ತೆಗೆದ. ಮೊಟ್ಟೆಯ ಮಾತು ಬಂತು, ನಗೆಯೂ ಬಂತು. ಮೃತರು ಎಂಟು ಕಿಲೋಮೀಟರ್ ಓಡಿದ್ದರು ಎಂದ. ಫಕೀರೇಶ ಏಳಲಿಲ್ಲ. ಮಹಾ ನಟ ಮಾರಾಯ ಎಂದು ಯಾರೋ ಮೆಚ್ಚಿದರು. ಚೇಂಗಪ್ಪ ಆರಕ್ಕೆ ಇಳಿಸಿದ. ನಗೆ ಇನ್ನೂ ಜೋರಾಯಿತು. ನಾಲ್ಕು ಎಂದಾಗ ಕೆಲವರು ನಗು ನಿಲ್ಲಿಸಿ ಬಗ್ಗಿ ನೋಡಿದರು. ಎರಡು ಎನ್ನುತ್ತ ಚೇಂಗಪ್ಪ ಟೋಪಿ ಕೆಳಗಿಟ್ಟ. ಮಂಡಿಯೂರಿ ಗೆಳೆಯನ ಕೆನ್ನೆ ಮುಟ್ಟಿದವನು ಸರಕ್ಕನೆ ಕೈ ಹಿಂದೆಳೆದುಕೊಂಡ.

"ಒಂದೂ ಓಡ್ಲಿಲ್ಲ ಕಣೋ ನೀನು," ಎಂದ, ಬೇಡಿಕೊಳ್ಳುವ ದನಿಯಲ್ಲಿ. "ಸುಳ್ಳು ಅಂತ ಹೇಳೋ, ಫಕೀರಾ."

ಟ್ಯಾಂಕಿನ ನೀರನ್ನೆಲ್ಲ ಅವನ ಮೇಲೆ ಸುರಿದರು. ಅಷ್ಟರಲ್ಲಿ ಬಂದ ಉಸ್ತಾದರು ತಾವೇ ಒಂದು ತುದಿ ಹಿಡಿದು ಓಡಿದರು. ಆಸ್ಪತ್ರೆ ಮುಟ್ಟುವವರೆಗೂ ಅವರ ಬಾಯಲ್ಲಿ "ಸಾಯಬ್ಯಾಡ ಮಗನ" ಎಂಬುದೊಂದೇ ಮಾತು. ಸಂಜೆ ಸುದ್ದಿ ಬಂತು. ಫಕೀರೇಶ ಸತ್ತುಹೋಗಿದ್ದ. ನನಗೆ ಅದು ತಲೆಗೇ ಹೋಗಲಿಲ್ಲ. ನನ್ನ ಮೇಲೆ ಸತ್ತವರೆಲ್ಲ ಎದ್ದು ಕೂತವರೇ ಅಲ್ಲವೇ?

ಮೂರನೆಯ ದಿನ ಮೈದಾನದಲ್ಲಿ ನಿಜವಾದ ಶ್ರದ್ಧಾಂಜಲಿ. ನನ್ನನ್ನು ಗೋಡೆಗೆ ಒರಗಿಸಿದ್ದರು. ದೊಡ್ಡ ಸಾಹೇಬರು ಕಾಗದ ನೋಡಿಕೊಂಡು ಓದಿದರು: ಕೆಡೆಟ್ ಫಕೀರೇಶ ಏಳು ಕಿಲೋಮೀಟರ್ ಓಡಿದ ಬಳಿಕ ಕುಸಿದರು. ಸಾಹೇಬರು ಮಾತಾಡುವಾಗ ಸಾಲಿನಿಂದ ಬಾಯಿ ಬಿಡುವುದು ಅಲ್ಲಿ ಯಾರೂ ಮಾಡದ ಕೆಲಸ.

"ಒಂಬತ್ತು, ಸರ್," ಎಂದ ಚೇಂಗಪ್ಪ.

ಉಸ್ತಾದರು ಗದರಲಿಲ್ಲ. ಸಾಹೇಬರು ಪೆನ್ನು ತೆಗೆದು ತಿದ್ದಿ, ಮತ್ತೆ ಮೊದಲಿಂದ ಓದಿದರು.

ಈಗ ನನಗೆ ವಯಸ್ಸಾಗಿದೆ. ಒಂದು ಗಳ ಸೀಳಿದೆ. ಶಾಲೆಯ ಉಗ್ರಾಣದಲ್ಲಿ ಸುಣ್ಣದ ಮೂಟೆಗಳ ಹಿಂದೆ ಬಿದ್ದಿದ್ದೇನೆ. ಹೊರಗೆ ಹೊಸ ಹುಡುಗರು ಸಾವಿನ ಜೋಕು ಹೇಳಿಕೊಂಡೇ ಓಡುತ್ತಾರೆ. ಅದಿಲ್ಲದೆ ಅವರ ಕಾಲು ಏಳುವುದಿಲ್ಲವೇನೋ, ನಾನು ತಪ್ಪು ಅನ್ನುವುದಿಲ್ಲ. ಬಿದ್ದವನ ಮೈಮೇಲೆ ಮೊದಲು ಒಂದು ಕೈ ಇಟ್ಟು ನೋಡಿ ಮಕ್ಕಳೇ, ಟೋಪಿ ಆಮೇಲೆ ತೆಗೆಯಿರಿ.